ಪಟ್ಟೆ ಎಲೆಯ ನಿಂಬೆ, ಪಟ್ಟೆ ಕಾಯಿಯ ಕಿತ್ತಳೆ: ವೇರಿಗೇಟೆಡ್ ಸಿಟ್ರಸ್ ಗಿಡಗಳನ್ನು ಮನೆಯಲ್ಲಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಎಲೆಯ ಅಂಚಿಗೆ ಕೆನೆ ಬಣ್ಣ, ನಡುವೆ ಎರಡು ಮೂರು ಬಗೆಯ ಹಸಿರು. ಕಾಯಿ ಬಿಟ್ಟರೆ ಅದರ ಮೇಲೂ ತೊಟ್ಟಿನಿಂದ ತುದಿಯವರೆಗೆ ಪಟ್ಟೆ. ನರ್ಸರಿಯಲ್ಲಿ ಇಂಥ ವೇರಿಗೇಟೆಡ್, ಅಂದರೆ ಪಟ್ಟೆ ಬಣ್ಣದ, ಸಿಟ್ರಸ್ (ನಿಂಬೆ, ಕಿತ್ತಳೆ ಜಾತಿಯ) ಗಿಡ ಕಂಡರೆ ನಿಂತು ನೋಡದೆ ಮುಂದೆ ಹೋಗುವುದು ಕಷ್ಟ. ಮನೆಗೆ ತಂದವರು ಸಾಮಾನ್ಯವಾಗಿ ಅದನ್ನು ಮಾಮೂಲಿ ನಿಂಬೆಗಿಡದ ಹಾಗೆಯೇ ನೋಡಿಕೊಳ್ಳುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಎರಡರಲ್ಲಿ ಒಂದು ಆಗಿರುತ್ತದೆ. ಎಲೆಯ ಬಿಳಿ ಭಾಗ ಸುಟ್ಟು ಗಿಡ ಸೊರಗಿರುತ್ತದೆ, ಇಲ್ಲವೇ ಪಟ್ಟೆಯೆಲ್ಲ ಹೋಗಿ ಬರೀ ಹಸಿರು ಗಿಡ ಉಳಿದಿರುತ್ತದೆ.

ಎರಡಕ್ಕೂ ಮೂಲ ಒಂದೇ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ. ಹಾಗಾಗಿ ಆ ಭಾಗ ಬಿಸಿಲಿನಿಂದ ಆಹಾರ ತಯಾರಿಸುವುದಿಲ್ಲ. ಆದರೆ ಅದಕ್ಕೂ ನೀರು ಬೇಕು, ಗೊಬ್ಬರ ಬೇಕು. ದುಡಿಯುವ ಕೈ ಕಮ್ಮಿ, ಉಣ್ಣುವ ಬಾಯಿ ಜಾಸ್ತಿ ಇರುವ ಮನೆಯಂತೆ ಈ ಗಿಡ. ಎಷ್ಟು ಬಿಸಿಲು, ಎಷ್ಟು ನೀರು, ಯಾವ ಕೊಂಬೆಗೆ ಕತ್ತರಿ, ಎಷ್ಟು ಕಾಯಿ ಉಳಿಸಬೇಕು ಅನ್ನುವುದನ್ನೆಲ್ಲ ಈ ಲೆಕ್ಕ ಇಟ್ಟುಕೊಂಡೇ ತೀರ್ಮಾನಿಸಬೇಕು. ಇದೊಂದು ಮನಸ್ಸಿನಲ್ಲಿದ್ದರೆ ಬೆಂಗಳೂರಿನ ತಾರಸಿಯಲ್ಲಾಗಲಿ, ಮಲೆನಾಡಿನ ಅಂಗಳದಲ್ಲಾಗಲಿ ಈ ಗಿಡ ಚೆನ್ನಾಗಿಯೇ ಬೆಳೆಯುತ್ತದೆ.

ಪಟ್ಟೆ ಎಲ್ಲಿಂದ ಬರುತ್ತದೆ

ಇದು ರೋಗವಲ್ಲ, ಬಣ್ಣ ಹಾಕಿದ್ದೂ ಅಲ್ಲ. ಯಾವುದೋ ಒಂದು ಕೊಂಬೆಯ ಸುಳಿಯಲ್ಲಿ ಒಂದು ಜೀವಕೋಶ ಹಸಿರು ಮಾಡುವ ಶಕ್ತಿ ಕಳೆದುಕೊಳ್ಳುತ್ತದೆ. ಅದರಿಂದ ಹುಟ್ಟಿದ ಕೋಶಗಳೂ ಹಾಗೆಯೇ ಇರುತ್ತವೆ. ಸುಳಿಯಲ್ಲಿ ಕೋಶಗಳು ಪದರ ಪದರವಾಗಿ ಇರುವುದರಿಂದ, ಒಂದು ಪದರ ಹಸಿರಾಗಿ, ಇನ್ನೊಂದು ಬಿಳಿಯಾಗಿ, ಎರಡೂ ಒಟ್ಟಿಗೆ ಬೆಳೆಯುತ್ತಾ ಹೋಗುತ್ತವೆ. ಹೀಗೆ ಒಂದೇ ಗಿಡದಲ್ಲಿ ಎರಡು ಬಗೆಯ ಕೋಶಗಳು ಕೂಡಿ ಬಾಳುವುದನ್ನು ಸಸ್ಯಶಾಸ್ತ್ರದಲ್ಲಿ ಕೈಮೆರಾ ಅನ್ನುತ್ತಾರೆ.

ಸಿಟ್ರಸ್ ಕುಲದಲ್ಲಿ ಇಂಥದ್ದು ಹೊಸದೇನಲ್ಲ. ಇಟಲಿಯ ಫ್ಲಾರೆನ್ಸ್‌ನಲ್ಲಿ ಸಿಕ್ಕಿದ ಬಿಜ್ಜಾರಿಯಾ ಎಂಬ ಗಿಡದಲ್ಲಿ ಮಾದಲ ಮತ್ತು ಹುಳಿಕಿತ್ತಳೆ ಎರಡೂ ಒಂದೇ ಹಣ್ಣಿನಲ್ಲಿ ಕಲಸಿಕೊಂಡಿದ್ದವು. ಪಿಯೆಟ್ರೊ ನಾಟಿ ಅನ್ನುವವರು 1674ರಲ್ಲೇ ಅದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ನಮ್ಮ ನರ್ಸರಿಗಳಲ್ಲಿ ಸಿಗುವ ಪಿಂಕ್ ಲೆಮನ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ಒಂದು ಮನೆಯಂಗಳದಲ್ಲಿ, 1930ರ ಆಸುಪಾಸಿನಲ್ಲಿ. ಅಲ್ಲಿದ್ದ ಸಾಧಾರಣ ಯುರೇಕಾ ನಿಂಬೆಮರದ ಒಂದು ಕೊಂಬೆಯಲ್ಲಿ ಎಲೆಗೆ ಪಟ್ಟೆ, ಹಣ್ಣಿನೊಳಗೆ ಗುಲಾಬಿ ಬಣ್ಣ ಕಾಣಿಸಿಕೊಂಡಿತು. ಆ ಕೊಂಬೆಯ ಕಣ್ಣುಗಳನ್ನು, ಅಂದರೆ ಎಲೆತೊಟ್ಟಿನ ಬುಡದಲ್ಲಿರುವ ಚಿಗುರುಮೊಗ್ಗುಗಳನ್ನು, ತೆಗೆದು ಕಸಿ ಮಾಡುತ್ತಾ ಬಂದಿದ್ದರಿಂದಲೇ ಅದು ಇವತ್ತು ನಮ್ಮ ತಾರಸಿಯವರೆಗೂ ಬಂದಿದೆ.

ಇದರಿಂದ ಒಂದು ವಿಷಯ ಖಚಿತವಾಗುತ್ತದೆ. ಈ ಗುಣ ಬೀಜದಲ್ಲಿ ನಂಬುವ ಹಾಗೆ ಬರುವುದಿಲ್ಲ. ಬೀಜ ಹಾಕಿದರೆ ಬಹುಪಾಲು ಬರೀ ಹಸಿರು ಸಸಿ ಬರುತ್ತದೆ. ಅಪ್ಪಿತಪ್ಪಿ ಪೂರ್ತಿ ಬಿಳಿ ಸಸಿ ಬಂದರೆ ಅದು ಕೆಲವೇ ವಾರಗಳಲ್ಲಿ ಸಾಯುತ್ತದೆ. ಆನ್‌ಲೈನ್‌ನಲ್ಲಿ "ವೇರಿಗೇಟೆಡ್ ನಿಂಬೆ ಬೀಜ" ಅಂತ ಪೊಟ್ಟಣ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

1. ಯಾವ ಗಿಡ ಆರಿಸಿಕೊಳ್ಳಬೇಕು

ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ವೇರಿಗೇಟೆಡ್ ಕ್ಯಾಲಮಾಂಡಿನ್. ನರ್ಸರಿಯಲ್ಲಿ ಚೈನಾ ಆರೆಂಜ್ ಅಂತ ಕೇಳಿದರೆ ಬೇಗ ಅರ್ಥವಾಗುತ್ತದೆ. ಇದು ಕುಮ್‌ಕ್ವಾಟ್ ಎಂಬ ಪುಟ್ಟ ಹಣ್ಣಿನ ಸಿಟ್ರಸ್ ಮತ್ತು ಕಿತ್ತಳೆ ಜಾತಿಯ ಮಿಶ್ರತಳಿ. ಫಿಲಿಪ್ಪೀನ್ಸ್‌ನಲ್ಲಿ ಇದರ ಹಸಿರು ಗಿಡವನ್ನು ಕಲಮಾನ್ಸಿ ಅನ್ನುತ್ತಾರೆ, ಅಲ್ಲಿ ಊಟಕ್ಕೆ ಹಿಂಡಿಕೊಳ್ಳುವ ದಿನಬಳಕೆಯ ಹುಳಿ ಅದೇ. ಗಿಡ ಗಿಡ್ಡ, ಮುಳ್ಳು ಇಲ್ಲವೆನ್ನುವಷ್ಟು ಕಮ್ಮಿ, ಕಾಯಿ ಧಾರಾಳ. ಎಳೆಗಾಯಿಯ ಮೇಲೆ ಹಸಿರು ಮತ್ತು ಕೆನೆ ಬಣ್ಣದ ಪಟ್ಟೆ ಇರುತ್ತದೆ, ಹಣ್ಣಾಗುತ್ತಾ ಕಿತ್ತಳೆ ಬಣ್ಣಕ್ಕೆ ತಿರುಗಿ ಪಟ್ಟೆ ಮಾಸುತ್ತದೆ. ಸಿಪ್ಪೆ ಸ್ವಲ್ಪ ಸಿಹಿ, ರಸ ಚುರುಕು ಹುಳಿ. ಇಡೀ ಹಣ್ಣನ್ನೇ ಉಪ್ಪಿನಕಾಯಿ ಹಾಕಬಹುದು.

ಎರಡನೆಯದು ಪಿಂಕ್ ಲೆಮನ್, ಅಂದರೆ ವೇರಿಗೇಟೆಡ್ ಯುರೇಕಾ. ನೋಡುವುದಕ್ಕೆ ಎಲ್ಲಕ್ಕಿಂತ ಚೆಂದ. ಹೊಸ ಚಿಗುರು ಮತ್ತು ಮೊಗ್ಗಿಗೆ ನೇರಳೆ ಛಾಯೆ ಇರುತ್ತದೆ. ಹಣ್ಣು ಪಕ್ವವಾದಾಗ ಹಳದಿ ಸಿಪ್ಪೆಯ ಮೇಲಿನ ಎಣ್ಣೆ ಚುಕ್ಕೆಗಳು ಗುಲಾಬಿಯಾಗಿ ಕಾಣುತ್ತವೆ. ಕೊಯ್ದರೆ ತೊಳೆಗಳೂ ಗುಲಾಬಿ, ರಸ ಮಾತ್ರ ಹೆಚ್ಚು ಕಮ್ಮಿ ತಿಳಿಯೇ. ಈ ಗುಲಾಬಿ ಬಣ್ಣ ಲೈಕೋಪೀನ್‌ನಿಂದ ಬರುತ್ತದೆ, ಟೊಮೆಟೊ ಕೆಂಪಾಗುವುದೂ ಅದರಿಂದಲೇ. ಕೆಂಪು ತಿರುಳಿನ ಬ್ಲಡ್ ಆರೆಂಜ್‌ನಲ್ಲಿರುವುದು ಬೇರೆ ವಸ್ತು, ಅದಕ್ಕೆ ಚಳಿರಾತ್ರಿ ಬೇಕೇ ಬೇಕು. ಪಿಂಕ್ ಲೆಮನ್‌ಗೆ ಆ ತೊಂದರೆ ಇಲ್ಲ. ನಮ್ಮ ಬಯಲುಸೀಮೆಯ ಸೆಕೆಯಲ್ಲೂ ಒಳಗೆ ಬಣ್ಣ ಕಟ್ಟುತ್ತದೆ. ಆದರೆ ಗಿಡ ಕ್ಯಾಲಮಾಂಡಿನ್‌ಗಿಂತ ನಾಜೂಕು, ಮುಳ್ಳೂ ಇರುತ್ತದೆ.

ಮೂರನೆಯದು ಸೆಂಟೆನಿಯಲ್ ಎಂಬ ವೇರಿಗೇಟೆಡ್ ಕುಮ್‌ಕ್ವಾಟ್. ಅಮೆರಿಕದ ಕೃಷಿ ಇಲಾಖೆ 1993ರಲ್ಲಿ ಬಿಡುಗಡೆ ಮಾಡಿದ ತಳಿ. ಸಿಪ್ಪೆ ಸಮೇತ ತಿನ್ನುವ ಪುಟ್ಟ ಹಣ್ಣು. ನಮ್ಮಲ್ಲಿ ಸಿಗುವುದು ಅಪರೂಪ. ಸಿಕ್ಕರೆ ಬೆಂಗಳೂರು, ಮೈಸೂರು, ಕೊಡಗು, ಚಿಕ್ಕಮಗಳೂರಿನಂಥ ತಂಪು ಊರಿನವರು ತೆಗೆದುಕೊಳ್ಳಿ.

2. ನರ್ಸರಿಯಲ್ಲಿ ಏನು ನೋಡಬೇಕು

ಬೆಂಗಳೂರಿನ ನರ್ಸರಿಗಳಿಗೆ ಈ ಗಿಡಗಳು ಹೆಚ್ಚಾಗಿ ಆಂಧ್ರದ ಕಡಿಯಂ ಕಡೆಯಿಂದ, ಕೇರಳದ ಮಣ್ಣುತ್ತಿ ಕಡೆಯಿಂದ ಬರುತ್ತವೆ. ದಾರಿಯಲ್ಲಿ ಬಳಲಿರುತ್ತವೆ. ಲಾರಿಯಿಂದ ಇಳಿದ ದಿನವೇ ಕೊಳ್ಳುವ ಬದಲು, ನರ್ಸರಿಯಲ್ಲೇ ಒಂದು ಸಲ ಹೊಸ ಚಿಗುರು ಬಿಟ್ಟ ಗಿಡ ಆರಿಸಿ.

ಮೊದಲು ಬುಡ ನೋಡಿ. ಮಣ್ಣಿನಿಂದ ಒಂದು ಗೇಣು ಮೇಲಕ್ಕೆ ಕಸಿ ಗಂಟು ಕಾಣಬೇಕು. ಗಂಟಿನ ಕೆಳಗೆ ಚಿಗುರು ಇರಬಾರದು. ಗೂಟಿ ಕಟ್ಟಿ, ಅಂದರೆ ಕೊಂಬೆಯಲ್ಲೇ ಬೇರು ಬರಿಸಿ, ಮಾಡಿದ ಗಿಡವಾದರೆ ಗಂಟು ಇರುವುದಿಲ್ಲ. ಅದೂ ಪರವಾಗಿಲ್ಲ, ಕ್ಯಾಲಮಾಂಡಿನ್ ತನ್ನದೇ ಬೇರಿನ ಮೇಲೂ ಚೆನ್ನಾಗಿ ಬರುತ್ತದೆ. ನಿಂಬೆಯಾದರೆ ಕಸಿ ಗಿಡವೇ ವಾಸಿ. ಅಡಿಗಿಡ, ಅಂದರೆ ಕಸಿ ಗಂಟಿನ ಕೆಳಗಿರುವ ಬೇರಿನ ಗಿಡ, ಯಾವುದು ಅಂತ ಕೇಳಿ. ರಂಗಪುರ ನಿಂಬೆ ಅಥವಾ ಜಂಬೇರಿ ಅಂದರೆ ಒಳ್ಳೆಯದು. ಮೂರೆಲೆ ಕಿತ್ತಳೆ ಮತ್ತು ಅದರ ಮಿಶ್ರತಳಿಗಳ ಜೊತೆ ಯುರೇಕಾ ನಿಂಬೆ ಒಗ್ಗುವುದಿಲ್ಲ. ಕೆಲವು ವರ್ಷ ಚೆನ್ನಾಗಿದ್ದು ಆಮೇಲೆ ಕಸಿ ಗಂಟಿನಲ್ಲೇ ಕೆಡುತ್ತದೆ.

ಆಮೇಲೆ ಎಲೆ. ಜನ ಹೆಚ್ಚು ಬಿಳಿ ಇರುವ ಗಿಡಕ್ಕೆ ಆಸೆಪಡುತ್ತಾರೆ. ಅದು ಬೇಡ. ಒಟ್ಟು ಗಿಡದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿರು ಇರಬೇಕು. ಪ್ರತಿ ಎಲೆಯ ನಡುವೆ ಹಸಿರು, ಅಂಚಿಗೆ ಕೆನೆ ಇರುವ ಗಿಡ ಗಟ್ಟಿ. ಕಾಂಡವನ್ನೂ ನೋಡಿ. ಎಳೆ ಕೊಂಬೆಯ ಮೇಲೆ ಹಸಿರು ಗೆರೆ, ಕೆನೆ ಗೆರೆ ಎರಡೂ ಉದ್ದಕ್ಕೆ ಹರಿದಿದ್ದರೆ ಪಟ್ಟೆ ಮುಂದಕ್ಕೂ ಉಳಿಯುತ್ತದೆ.

ಮನೆಗೆ ತಂದ ಮೇಲೆ ಎರಡು ಮೂರು ವಾರ ಬೇರೆ ನಿಂಬೆ ಗಿಡ, ಕರಿಬೇವಿನಿಂದ ದೂರ ಇಡಿ. ಹುಳ, ಹೇನು ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಊರಿಂದ ಕಡ್ಡಿ, ಕಣ್ಣು, ಸಸಿ ಒಯ್ಯಬೇಡಿ, ಅಲ್ಲಿಂದ ಇಲ್ಲಿಗೂ ತರಬೇಡಿ. ಸಿಟ್ರಸ್ ಗಿಡಗಳ ಮೇಲೆ ಎಲ್ಲ ಕಡೆ ಬಿಗಿ ಕಾನೂನು ಇದೆ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೂ ನಿರ್ಬಂಧಗಳಿವೆ. ಇರುವ ಊರಿನ ಪರವಾನಗಿ ಪಡೆದ ನರ್ಸರಿಯಲ್ಲೇ ಕೊಳ್ಳಿ.

3. ಕುಂಡ, ಮಣ್ಣು, ನೆಡುವುದು

ಪುಟ್ಟ ಗಿಡವನ್ನು ನೇರ ದೊಡ್ಡ ಕುಂಡಕ್ಕೆ ಹಾಕಬೇಡಿ. ಈ ಗಿಡ ನಿಧಾನವಾಗಿ ಬೇರು ಬಿಡುತ್ತದೆ. ಬೇರು ತಲುಪದ ಮಣ್ಣು ಸದಾ ಒದ್ದೆಯಾಗಿದ್ದು ಹುಳಿಯುತ್ತದೆ. ಮೊದಲು 12 ಇಂಚಿನ ಕುಂಡ, ಎರಡು ವರ್ಷದ ಮೇಲೆ 16 ಇಂಚು, ಕೊನೆಗೆ 18 ರಿಂದ 20 ಇಂಚು ಸಾಕು. ಬಯಲುಸೀಮೆಗೆ ಮಣ್ಣಿನ ಕುಂಡ ಬೇಗ ಒಣಗುತ್ತದೆ, ಕರಾವಳಿಗೂ ಮಲೆನಾಡಿಗೂ ಅದೇ ಅನುಕೂಲ. ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯ ಬಿಸಿಲಿನಲ್ಲಿ ಕಾದು ಬೇರು ಬೇಯಿಸುತ್ತದೆ. ಅದೇ ಇದ್ದರೆ ಹೊರಗೆ ಗೋಣಿಚೀಲ ಸುತ್ತಿ.

ಮಣ್ಣಿನ ಮಿಶ್ರಣಕ್ಕೆ ನಾನು ಹೇಳುವ ಅಳತೆ ಇದು: ಕೆಂಪು ಮಣ್ಣು 3 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 3 ಪಾಲು, ತೊಳೆದ ತೆಂಗಿನ ನಾರಿನ ಪುಡಿ 2 ಪಾಲು, ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣು ಸಡಿಲಿಸುವ ಹಗುರ ಬಿಳಿ ಹರಳು) 2 ಪಾಲು. ಒಂದು ಕುಂಡಕ್ಕೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಚಮಚ ಟ್ರೈಕೋಡರ್ಮಾ (ಬೇರು ಕೊಳೆಯದಂತೆ ಕಾಯುವ ಶಿಲೀಂಧ್ರದ ಪುಡಿ) ಸೇರಿಸಿ. ಮಲೆನಾಡಿನವರು ಮರಳನ್ನು ಇನ್ನೂ ಒಂದು ಪಾಲು ಹೆಚ್ಚಿಸಿ, ನಾರಿನ ಪುಡಿ ಕಮ್ಮಿ ಮಾಡಿ. ಜಿಗುಟು ಕಪ್ಪು ಮಣ್ಣು ಈ ಕೆಲಸಕ್ಕೆ ಬೇಡ.

ನೆಡುವಾಗ ಹಳೆ ಪೊಟ್ಟಣದ ಹೆಂಟೆಯನ್ನು ಗಮನಿಸಿ. ಹೊರಗಿನಿಂದ ಬಂದ ಗಿಡಗಳು ಕೆಲವೊಮ್ಮೆ ಗಟ್ಟಿ ಜೇಡಿಮಣ್ಣಿನ ಉಂಡೆಯಲ್ಲಿರುತ್ತವೆ. ಅದನ್ನು ಹಾಗೇ ನೆಟ್ಟರೆ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ಹೋಗುತ್ತದೆ, ಉಂಡೆಯ ಒಳಗೆ ಬೇರು ಒಣಗುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟು, ಹೊರಗಿನ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಸಡಿಲಿಸಿ ನೆಡಿ. ಕಸಿ ಗಂಟು ಮಣ್ಣಿನಿಂದ ಕನಿಷ್ಠ 4 ಇಂಚು ಮೇಲಿರಲಿ. ನೆಟ್ಟ ಮೇಲೆ ಹತ್ತು ದಿನ ಬೆಳಕಿರುವ ನೆರಳಿನಲ್ಲಿಡಿ.

4. ಬಿಸಿಲು

ಬಿಳಿ ಭಾಗ ಸುಡುತ್ತದೆ ಅಂತ ಹೆದರಿ ಕೆಲವರು ಗಿಡವನ್ನು ಮನೆಯೊಳಗೆ ಇಡುತ್ತಾರೆ. ಅದು ಇನ್ನೂ ತಪ್ಪು. ಎಲೆಯಲ್ಲಿ ದುಡಿಯುವ ಹಸಿರು ಕಮ್ಮಿ ಇರುವುದರಿಂದ, ಇರುವ ಹಸಿರಿಗೆ ಬೆಳಕು ಜಾಸ್ತಿಯೇ ಬೇಕು. ಆದರೆ ಸುಡುವ ಬಿಸಿಲು ಬೇಡ. ಬೆಳಗಿನ ಐದಾರು ಗಂಟೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು ಸಿಗುವ ಪೂರ್ವ ದಿಕ್ಕಿನ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಪಶ್ಚಿಮದ ಬಾಲ್ಕನಿ, ಬಿಳಿ ಬಣ್ಣ ಬಳಿದ ಗೋಡೆಯ ಪಕ್ಕ ಎರಡೂ ಕೆಟ್ಟವು. ಗೋಡೆಯಿಂದ ವಾಪಸ್ ಹೊಡೆಯುವ ಝಳಕ್ಕೇ ಎಲೆಯಂಚು ಕಂದುತ್ತದೆ.

ಮಾರ್ಚ್‌ನಿಂದ ಮೇ ಕೊನೆವರೆಗೆ ಬೆಂಗಳೂರು, ಮೈಸೂರಿನಲ್ಲಿ ಶೇ 35ರ ನೆರಳು ಪರದೆ ಸಾಕು. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಊರಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಶೇ 50ರ ಪರದೆ ಬೇಕು. ಮಳೆ ಶುರುವಾದ ಕೂಡಲೇ ಪರದೆ ತೆಗೆದುಬಿಡಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಅಂಚಿಗೆ, ಮಳೆ ನೇರ ಬೀಳದ, ಗಾಳಿಯಾಡುವ ಜಾಗಕ್ಕೆ ಸರಿಸಿ.

5. ನೀರು

ದಿನಕ್ಕೆ ಇಷ್ಟು ಮಗ್ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಎರಡು ಇಂಚು ಆಳಕ್ಕೆ ಬೆರಳು ಇಳಿಸಿ ನೋಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ನೀರು ಹರಿಯುವಷ್ಟು ಹಾಕಿ, ಒದ್ದೆ ಇದ್ದರೆ ಬಿಡಿ. ಹಸಿರು ನಿಂಬೆಯಷ್ಟು ನೀರನ್ನು ಈ ಗಿಡ ಎಳೆಯುವುದಿಲ್ಲ, ಬೆಳವಣಿಗೆ ನಿಧಾನ ಅಲ್ವಾ. ಈ ಗಿಡಗಳು ಸಾಯುವುದು ನೀರು ಸಾಲದೆ ಅಲ್ಲ, ನೀರು ಹೆಚ್ಚಾಗಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ.

ಬೋರ್‌ವೆಲ್ ನೀರಿನ ಬಗ್ಗೆ ಎಚ್ಚರ ಇರಲಿ. ನಲ್ಲಿಯ ಬಾಯಿಗೆ, ಕುಂಡದ ಹೊರಮೈಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ಆ ನೀರು ಗಡಸು. ಸಿಟ್ರಸ್ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 5.5 ರಿಂದ 6.5 ಬೇಕು. ಗಡಸು ನೀರು ವರ್ಷಗಟ್ಟಲೆ ಬಿದ್ದರೆ ಮಣ್ಣು ಕ್ಷಾರವಾಗಿ, ಅಲ್ಲೇ ಇರುವ ಕಬ್ಬಿಣ, ಸತುವನ್ನೂ ಬೇರು ಹೀರಲಾರದು. ಮಳೆನೀರು ಹಿಡಿದಿಡುವ ಅನುಕೂಲ ಇದ್ದವರು ಅದನ್ನೇ ಈ ಗಿಡಕ್ಕೆ ಮೀಸಲಿಡಿ. ಇಲ್ಲದವರು ಮಳೆಗಾಲದಲ್ಲಿ ಒಂದೆರಡು ಒಳ್ಳೆ ಮಳೆಗೆ ಕುಂಡವನ್ನು ಹೊರಗಿಟ್ಟು ಉಪ್ಪು ತೊಳೆದುಹೋಗಲು ಬಿಡಿ.

6. ಗೊಬ್ಬರ

ಸ್ವಲ್ಪ ಸ್ವಲ್ಪ, ಆಗಾಗ. ಎರಡು ತಿಂಗಳಿಗೊಮ್ಮೆ 16 ಇಂಚಿನ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಅಥವಾ ಹೊಂಗೆ ಹಿಂಡಿ ಹಾಕಿ ಮೇಲ್ಮಣ್ಣಿಗೆ ಬೆರೆಸಿ. ಚಿಗುರುವ ಕಾಲದಲ್ಲಿ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಲೀಟರ್ ನೀರಿಗೆ 1 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಯೂರಿಯಾ ಸುರಿಯಬೇಡಿ. ಮೆತ್ತನೆ ಉದ್ದ ಚಿಗುರು ಬಂದು ಹುಳಕ್ಕೆ ಹಬ್ಬವಾಗುತ್ತದೆ. ಎಲೆಗೆ ಸಿಂಪಡಿಸುವ ಲಘುಪೋಷಕಾಂಶಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತಯಾರಿಸಿದ ಸಿಟ್ರಸ್ ಸ್ಪೆಷಲ್ ಇದೆ. ಪೊಟ್ಟಣದ ಮೇಲೆ ಹೇಳಿದ ಅಳತೆಗಿಂತ ಮೊದಲ ಸಲ ಅರ್ಧವೇ ಹಾಕಿ, ಒಂದು ಕೊಂಬೆಗೆ ಸಿಂಪಡಿಸಿ, ನಾಲ್ಕು ದಿನ ಕಾದು ನೋಡಿ ಆಮೇಲೆ ಪೂರ್ತಿ ಗಿಡಕ್ಕೆ ಹೊಡೆಯಿರಿ. ಬಿಳಿ ಭಾಗ ಬಹಳ ಬೇಗ ಸುಡುತ್ತದೆ.

7. ಎಲೆ ನೋಡಿ ಗುರುತಿಸುವುದು: ಪಟ್ಟೆಯೋ, ಕೊರತೆಯೋ, ರೋಗವೋ

ಈ ಗಿಡ ಬೆಳೆಸುವುದರಲ್ಲಿ ನಿಜವಾದ ಕಷ್ಟ ಇಲ್ಲೇ ಇರುವುದು. ಹಸಿರು ಗಿಡದಲ್ಲಿ ಎಲೆ ಹಳದಿಯಾದರೆ ಕಣ್ಣಿಗೆ ಹೊಡೆಯುತ್ತದೆ. ಮೊದಲೇ ಎರಡು ಬಣ್ಣ ಇರುವ ಎಲೆಯಲ್ಲಿ ಮೂರನೆಯದು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೆ ಎಲೆಯ ಹಸಿರು ಭಾಗವನ್ನು ಮಾತ್ರ ಗಮನಿಸುವ ಅಭ್ಯಾಸ ಮಾಡಿಕೊಳ್ಳಿ.

ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಸಹಜವಾದ ಪಟ್ಟೆಯ ಗಡಿ ಕತ್ತರಿಸಿದಷ್ಟು ಚೂಪಾಗಿರುತ್ತದೆ. ಹಸಿರು ಇಲ್ಲಿಗೆ ಮುಗಿಯಿತು, ಕೆನೆ ಇಲ್ಲಿಂದ ಶುರು ಅಂತ ಉಗುರಿನಲ್ಲಿ ಗೆರೆ ಎಳೆಯಬಹುದು. ನಡುವೆ ಬೂದುಹಸಿರು ತೇಪೆ ಇದ್ದರೆ ಅದರ ಗಡಿಯೂ ಅಷ್ಟೇ ಸ್ಪಷ್ಟ. ಎಲೆ ಬಲಿತ ಮೇಲೆ ಈ ಗಡಿ ಸರಿಯುವುದಿಲ್ಲ. ಕೊರತೆಯ ಹಳದಿ ಹಾಗಲ್ಲ, ಅದು ಹಸಿರಿನೊಳಗೆ ಮೆಲ್ಲಗೆ ಕರಗುತ್ತಾ ಹೋಗುತ್ತದೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಅನುಮಾನ ಬಂದರೆ ಆ ಎಲೆಯ ತೊಟ್ಟಿಗೆ ದಾರ ಕಟ್ಟಿ, ಫೋನಿನಲ್ಲಿ ಚಿತ್ರ ತೆಗೆದಿಡಿ. ಒಂದು ತಿಂಗಳ ಮೇಲೆ ಅದೇ ಎಲೆಯ ಚಿತ್ರ ತೆಗೆದು ಪಕ್ಕಕ್ಕಿಟ್ಟರೆ ಉತ್ತರ ಸಿಗುತ್ತದೆ.

ಹಸಿರು ಭಾಗದಲ್ಲಿ ನೋಡಬೇಕಾದ್ದು ಇಷ್ಟು. ಹಳೆ ಎಲೆಗಳೆಲ್ಲ ಒಟ್ಟಾರೆ ಪೇಲವವಾದರೆ ಸಾರಜನಕ ಸಾಲುತ್ತಿಲ್ಲ. ಹಳೆ ಎಲೆಯ ತೊಟ್ಟಿನ ಕಡೆ ತ್ರಿಕೋನದ ಹಸಿರು ಉಳಿದು ಸುತ್ತ ಹಳದಿಯಾದರೆ ಮೆಗ್ನೀಷಿಯಂ ಕೊರತೆ, ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಸಿಂಪಡಿಸಿ. ಹೊಸ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಬಿಳಚಿದರೆ ಕಬ್ಬಿಣ ಸಿಗುತ್ತಿಲ್ಲ. ಗಡಸು ನೀರಿನ ಊರುಗಳಲ್ಲಿ ಇದೇ ಜಾಸ್ತಿ, ಕೀಲೇಟ್ ರೂಪದ, ಅಂದರೆ ಬೇರು ಸುಲಭವಾಗಿ ಹೀರುವಂತೆ ಮಾಡಿದ, ಕಬ್ಬಿಣ ಕೊಡಬೇಕು. ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ಒತ್ತೊತ್ತಾಗಿ ಬಂದರೆ ಸತುವಿನ ಕೊರತೆ.

ಹೆದರಬೇಕಾದ್ದು ಗ್ರೀನಿಂಗ್ ರೋಗಕ್ಕೆ. ಕೊಡಗಿನ ಕಿತ್ತಳೆ ತೋಟಗಳನ್ನು ಸೊರಗಿಸಿದ ರೋಗಗಳಲ್ಲಿ ಇದೂ ಒಂದು. ಸಿಲ್ಲಾ ಎಂಬ ಪುಟ್ಟ ಕೀಟ ಇದನ್ನು ಹರಡುತ್ತದೆ. ಇದರ ಗುರುತು, ಎಲೆಯ ನಡುನರದ ಎಡಕ್ಕೂ ಬಲಕ್ಕೂ ಹೊಂದಿಕೆಯಾಗದ ಮಸುಕು ಹಳದಿ ತೇಪೆ. ಎಡಗಡೆ ಹಳದಿ ಇದ್ದ ಜಾಗದಲ್ಲಿ ಬಲಗಡೆ ಹಸಿರು ಇರುತ್ತದೆ. ಪಟ್ಟೆ ಎಲೆಯೂ ಎರಡು ಬದಿ ಒಂದೇ ಥರ ಇರುವುದಿಲ್ಲವಾದ್ದರಿಂದ ಇಲ್ಲಿ ಗಡಿಯ ಚೂಪು ನೋಡಿಯೇ ತೀರ್ಮಾನಿಸಬೇಕು. ಜೊತೆಗೆ ಕಾಯಿ ಸೊಟ್ಟಗಾಗುವುದು, ಒಂದು ಕೊಂಬೆ ಮಾತ್ರ ಒಣಗುತ್ತಾ ಬರುವುದು ಕಂಡರೆ ಅನುಮಾನ ಗಟ್ಟಿ. ಇದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಸುಡುವುದೊಂದೇ ದಾರಿ, ಎಷ್ಟೇ ಆಸೆಯಿಂದ ಬೆಳೆಸಿದ್ದರೂ. ಬಿಳಿ ಪರಿಮಳದ ಹೂ ಬಿಡುವ ಕಾಮಿನಿ ಗಿಡದ ಮೇಲೂ ಸಿಲ್ಲಾ ಕೀಟ ಬದುಕುವುದರಿಂದ ಅದನ್ನು ಪಕ್ಕದಲ್ಲಿ ಬೆಳೆಸಬೇಡಿ.

8. ಕತ್ತರಿ ಹಿಡಿಯುವುದು

ಪಟ್ಟೆ ಗಿಡದಲ್ಲಿ ಮೂರು ಬಗೆಯ ಬೇಡದ ಚಿಗುರು ಬರುತ್ತವೆ.

ಕಸಿ ಗಂಟಿನ ಕೆಳಗಿನಿಂದ ಬರುವುದು ಅಡಿಗಿಡದ ಚಿಗುರು. ಎಳೆಯದಿದ್ದಾಗಲೇ ಬೆರಳಲ್ಲಿ ಬುಡಸಮೇತ ಮುರಿದು ತೆಗೆಯಿರಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಮತ್ತೆ ಬರುತ್ತದೆ.

ಗಂಟಿನ ಮೇಲಿನಿಂದ ಬರುವ ಪೂರ್ತಿ ಹಸಿರು ಕೊಂಬೆ ಎರಡನೆಯದು. ಇದೇ ದೊಡ್ಡ ಅಪಾಯ. ನೋಡುವುದಕ್ಕೆ ದಷ್ಟಪುಷ್ಟವಾಗಿರುತ್ತದೆ, ಉಳಿದೆಲ್ಲ ಕೊಂಬೆಗಿಂತ ವೇಗವಾಗಿ ಏರುತ್ತದೆ. ಗಿಡಕ್ಕೆ ಜೀವ ಬಂತು ಅಂತ ಬಹಳ ಜನ ಖುಷಿಪಟ್ಟು ಬಿಟ್ಟುಬಿಡುತ್ತಾರೆ. ಅದರ ಪ್ರತಿ ಎಲೆ ಪೂರ್ತಿ ದುಡಿಯುತ್ತದೆ, ಆದ್ದರಿಂದ ವರ್ಷದೊಳಗೆ ಗಿಡದ ರಸವೆಲ್ಲ ಅದರ ಪಾಲಾಗುತ್ತದೆ, ಪಟ್ಟೆ ಕೊಂಬೆಗಳು ನೆರಳಿಗೆ ಬಿದ್ದು ಸೊರಗುತ್ತವೆ. ಸುಮ್ನೆ ತುದಿ ಚಿವುಟಿದರೆ ಪ್ರಯೋಜನ ಇಲ್ಲ. ಕೊಂಬೆಯ ಮೇಲೆ ಕೈಯಾಡಿಸುತ್ತಾ ಕೆಳಗೆ ಬನ್ನಿ. ಒಂದು ಕಡೆ ತೊಗಟೆಯಲ್ಲಿ ಕೆನೆ ಬಣ್ಣದ ಗೆರೆ ಮತ್ತೆ ಕಾಣಿಸುತ್ತದೆ. ಆ ಗೆರೆ ಒಂದು ಕಣ್ಣಿನ ಅಡಿಯಲ್ಲೇ ಹಾದುಹೋಗಿದ್ದರೆ, ಅಂದರೆ ಕಣ್ಣು ಹಸಿರು ಮತ್ತು ಕೆನೆಯ ಗಡಿಯ ಮೇಲೆ ಕೂತಿದ್ದರೆ, ಅದರ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ. ಮುಂದೆ ಆ ಕಣ್ಣಿನಿಂದ ಪಟ್ಟೆ ಚಿಗುರು ಬರುವ ಸಾಧ್ಯತೆ ಹೆಚ್ಚು. ಗೆರೆಯೇ ಸಿಗದಿದ್ದರೆ ಕೊಂಬೆ ಹುಟ್ಟಿದ ಜಾಗದವರೆಗೂ ತೆಗೆಯಬೇಕು. ತಿಂಗಳಿಗೊಮ್ಮೆ ಗಿಡದ ಒಳಗೆಲ್ಲ ಕಣ್ಣು ಹಾಯಿಸಿ. ಹಸಿರು ಚಿಗುರು ಬೆರಳುದ್ದ ಇರುವಾಗಲೇ ತೆಗೆದರೆ ಗಿಡಕ್ಕೆ ನೋವಿಲ್ಲ.

ಆದರೆ ಸೊರಗಿ ಹೋಗಿರುವ ಗಿಡದಲ್ಲಿ ಇರುವ ಒಂದೇ ಗಟ್ಟಿ ಕೊಂಬೆ ಹಸಿರಿನದ್ದಾಗಿದ್ದರೆ, ಒಂದೇ ಸಲಕ್ಕೆ ತೆಗೆಯಬೇಡಿ. ಅರ್ಧ ಕತ್ತರಿಸಿ, ಪಟ್ಟೆ ಕೊಂಬೆಗಳು ಚೇತರಿಸಿಕೊಂಡ ಮೇಲೆ ಉಳಿದದ್ದನ್ನು ತೆಗೆಯಿರಿ.

ಮೂರನೆಯದು ಪೂರ್ತಿ ಬಿಳಿ ಚಿಗುರು. ಚೆಂದ ಕಾಣುತ್ತದೆ, ಆದರೆ ಅದು ತನಗೆ ಬೇಕಾದ ಆಹಾರವನ್ನೆಲ್ಲ ಬೇರೆ ಕೊಂಬೆಯಿಂದಲೇ ಪಡೆಯಬೇಕು, ಬಿಸಿಲಿಗೆ ಮೊದಲು ಸುಡುವುದೂ ಅದೇ. ಒಂದೆರಡು ಚಿಕ್ಕ ಕುಡಿ ಇದ್ದರೆ ಇರಲಿ, ಉದ್ದ ಬೆಳೆದರೆ ತೆಗೆಯಿರಿ.

ಇದನ್ನು ಬಿಟ್ಟರೆ ಈ ಗಿಡಕ್ಕೆ ಜಾಸ್ತಿ ಸವರುವಿಕೆ ಬೇಡ. ಒಣಕಲು, ಒಳಗೆ ತಿರುಗಿದ ಕಡ್ಡಿ ತೆಗೆದರೆ ಸಾಕು. ಪ್ರತಿ ಹಸಿರು ಎಲೆಗೂ ಬೆಲೆ ಇದೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

9. ಹುಳ ಮತ್ತು ರೋಗ

ಹೊಸ ಎಲೆಯ ಮೇಲೆ ಬೆಳ್ಳಿಗೆರೆ ಎಳೆದಂತೆ ಕಾಣುವುದು ರಂಗೋಲಿ ಹುಳುವಿನ ಕೆಲಸ. ಬೆಳೆದ ಎಲೆಗೆ ಅದು ಬರುವುದಿಲ್ಲ. ಹೊಸ ಚಿಗುರು ಒಂದು ಇಂಚು ಇರುವಾಗ, ಸಂಜೆ ಹೊತ್ತು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಗೆ ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಹಗಲಿನಲ್ಲಿ ಎಣ್ಣೆ ಹೊಡೆದರೆ ಬಿಳಿ ಭಾಗ ಬೇಯುತ್ತದೆ. ಕೆಟ್ಟ ಎಲೆ ಕಿತ್ತುಹಾಕಬೇಡಿ, ಅದರಲ್ಲಿ ಉಳಿದ ಹಸಿರು ಇನ್ನೂ ಕೆಲಸ ಮಾಡುತ್ತಿರುತ್ತದೆ.

ಹಕ್ಕಿ ಹಿಕ್ಕೆಯಂತೆ ಎಲೆ ಮೇಲೆ ಕೂತಿರುವುದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ವಾಸನೆ ಬಿಡುತ್ತದೆ. ಪುಟ್ಟ ಗಿಡವನ್ನು ಎರಡೇ ದಿನದಲ್ಲಿ ಬೋಳಿಸಬಲ್ಲದು. ಕೈಯಿಂದ ಎತ್ತಿ ದೊಡ್ಡ ನಿಂಬೆಮರವೋ ಬಿಲ್ವಪತ್ರೆ ಮರವೋ ಇದ್ದರೆ ಅಲ್ಲಿಗೆ ಬಿಡಿ. ಚೆಂದದ ಚಿಟ್ಟೆ, ಕೊಲ್ಲುವ ಅಗತ್ಯ ಇಲ್ಲ.

ಹಿಟ್ಟುತಿಗಣೆ, ಶಲ್ಕ ಕೀಟ, ಹೇನು ಬಂದಲ್ಲಿ ಇರುವೆ ಸಾಲು ಇರುತ್ತದೆ. ಮೊದಲು ಇರುವೆ ತಡೆಯಿರಿ, ಆಮೇಲೆ ನೀರಿನ ಜೋರು ಧಾರೆಯಿಂದ ತೊಳೆದು ಬೇವಿನೆಣ್ಣೆ ಹೊಡೆಯಿರಿ.

ಮಳೆಗಾಲದಲ್ಲಿ ಎಲೆ, ಕಾಯಿ ಮೇಲೆ ಹಳದಿ ಸುತ್ತು ಇರುವ ಒರಟು ಗುಳ್ಳೆ ಕಂಡರೆ ಅದು ಕಜ್ಜಿ ರೋಗ. ಆ ಕಡ್ಡಿ ಕತ್ತರಿಸಿ ಸುಟ್ಟು, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸಿ. ಬುಡದ ತೊಗಟೆ ಒಡೆದು ಅಂಟು ಸೋರಿದರೆ ಆ ಜಾಗ ಕೆರೆದು ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ, ಕಾಂಡಕ್ಕೆ ತಾಗಿದ ಮಣ್ಣು ಸರಿಸಿ, ನೀರು ಕಡಿಮೆ ಮಾಡಿ.

10. ಹೂವು, ಕಾಯಿ, ಕೊಯ್ಲು

ಇವೆಲ್ಲ ಒಂಟಿ ಗಿಡದಲ್ಲೇ ಕಾಯಿ ಕಟ್ಟುತ್ತವೆ, ಜೋಡಿ ಬೇಕಿಲ್ಲ. ಹೂವಿನ ಬಹುಪಾಲು ಉದುರುವುದು ಸಹಜ. ತೋಟಗಳಲ್ಲಿ ನೀರು ಬಿಗಿಹಿಡಿದು ಗಿಡ ಬಾಡಿಸಿ ಹೂ ಬಿಡಿಸುವ ಪದ್ಧತಿ ಇದೆ. ಪಟ್ಟೆ ಗಿಡಕ್ಕೆ ಅದನ್ನು ಮಾಡಬೇಡಿ, ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ.

ಮೊದಲ ವರ್ಷ ಬಂದ ಕಾಯಿಗಳನ್ನು ಬಟಾಣಿ ಗಾತ್ರದಲ್ಲೇ ತೆಗೆಯಿರಿ. ಪಟ್ಟೆಯ ಅಂದ ನೋಡಲು ಒಂದೆರಡು ಉಳಿಸಿದರೆ ತಪ್ಪಿಲ್ಲ. ಎರಡನೇ ವರ್ಷ ಪಿಂಕ್ ಲೆಮನ್‌ಗೆ ಕೊಂಬೆಗೊಂದು ಕಾಯಿ ಸಾಕು. ಕ್ಯಾಲಮಾಂಡಿನ್ ಗೊಂಚಲು ಬಿಡುತ್ತದೆ, ಗೊಂಚಲಿಗೆ ಎರಡು ಉಳಿಸಿ. ಹೂವಿನಿಂದ ಹಣ್ಣಾಗುವವರೆಗೆ ನಿಂಬೆಗೆ ಸುಮಾರು ಏಳರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಸೆಕೆಯ ಊರುಗಳಲ್ಲಿ ಸಿಪ್ಪೆ ಪೂರ್ತಿ ಹಳದಿಯಾಗದೆ ಹಸಿರು ಉಳಿಯಬಹುದು. ಹಿಸುಕಿದರೆ ಸ್ವಲ್ಪ ಮೆತ್ತಗಿದ್ದು, ಪಟ್ಟೆ ಮಸುಕಾಗಿದ್ದರೆ ಹಣ್ಣು ಬಲಿತಿದೆ. ಕ್ಯಾಲಮಾಂಡಿನ್ ಕಿತ್ತರೆ ಸಿಪ್ಪೆ ಹರಿಯುತ್ತದೆ, ತೊಟ್ಟು ಸಮೇತ ಕತ್ತರಿಸಿ. ಚಿತ್ರಾನ್ನಕ್ಕೂ ಸಾರಿಗೂ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಅದರ ಸುವಾಸನೆ ಬಿಸಿಗೆ ಹಾರಿಹೋಗುತ್ತದೆ.

11. ಇನ್ನೊಂದು ಗಿಡ ಮಾಡಿಕೊಳ್ಳುವುದು

ಸುಲಭದ್ದು ಗೂಟಿ. ಜೂನ್‌ನಿಂದ ಆಗಸ್ಟ್ ಒಳಗೆ, ಪೆನ್ಸಿಲ್ ದಪ್ಪದ ಪಟ್ಟೆ ಕೊಂಬೆಯಲ್ಲಿ ಒಂದು ಇಂಚು ಅಗಲ ಸುತ್ತಲೂ ತೊಗಟೆ ತೆಗೆಯಿರಿ. ಒಳಗಿನ ಜಾರು ಪದರವನ್ನು ಚಾಕುವಿನಿಂದ ಕೆರೆದುಬಿಡಿ, ಇಲ್ಲವಾದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ನರ್ಸರಿಯಲ್ಲಿ ಸಿಗುವ ಮಾಸ್ ಪಾಚಿಯನ್ನು ಒದ್ದೆ ಮಾಡಿ ಹಿಂಡಿ, ಸುತ್ತಿ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ. ಎರಡು ತಿಂಗಳ ಹೊತ್ತಿಗೆ ಬೇರು ಕಾಣುತ್ತದೆ.

ಕಣ್ಣು ಕಸಿಗೆ ಪೆನ್ಸಿಲ್ ದಪ್ಪದ ರಂಗಪುರ ನಿಂಬೆ ಅಥವಾ ಜಂಬೇರಿ ಸಸಿ ಬೇಕು. ಮಳೆ ಕಮ್ಮಿಯಾದ ಮೇಲೆ, ತೊಗಟೆ ಸುಲಭವಾಗಿ ಬಿಟ್ಟುಕೊಳ್ಳುವ ಕಾಲ ಒಳ್ಳೆಯದು. ಸಸಿಯಲ್ಲಿ ಮಣ್ಣಿನಿಂದ 6 ರಿಂದ 8 ಇಂಚು ಮೇಲೆ ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ತೊಗಟೆ ಸೀಳಿ. ಪಟ್ಟೆ ಗಿಡದಿಂದ ದುಂಡಗೆ ಬಲಿತ ಕಡ್ಡಿಯನ್ನು ಆರಿಸಿ, ಕೋನಕೋನವಾಗಿರುವ ಎಳೆ ಕಡ್ಡಿ ಬೇಡ. ಇಡೀ ಕೆಲಸದ ಫಲ ನಿಂತಿರುವುದು ಕಣ್ಣಿನ ಆಯ್ಕೆಯ ಮೇಲೆ. ಅದರ ಪಕ್ಕದ ಎಲೆಯಲ್ಲಿ ಹಸಿರು, ಕೆನೆ ಎರಡೂ ಹದವಾಗಿರಬೇಕು, ಕಣ್ಣಿನ ಕೆಳಗಿನ ತೊಗಟೆಯಲ್ಲೂ ಎರಡೂ ಗೆರೆ ಇರಬೇಕು. ಹಸಿರು ಗೆರೆಯ ನಟ್ಟನಡುವಿನ ಕಣ್ಣು ಹಸಿರು ಗಿಡ ಕೊಡುತ್ತದೆ, ಕೆನೆಯ ನಡುವಿನದ್ದು ಬದುಕದ ಬಿಳಿ ಚಿಗುರು ಕೊಡುತ್ತದೆ. ಕಣ್ಣನ್ನು ಸೀಳಿನೊಳಗೆ ಜಾರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ.

ಮೂರು ವಾರದ ಮೇಲೆ ಬಿಚ್ಚಿದಾಗ ಕಣ್ಣು ತಾಜಾ ಇದ್ದರೆ ಕಸಿ ಹಿಡಿದಿದೆ. ಆಗ ಅಡಿಗಿಡದ ತಲೆಯನ್ನು ಒಮ್ಮೆಲೇ ಕತ್ತರಿಸದೆ, ಬಗ್ಗಿಸಿ ಕಟ್ಟಿ. ಅದರ ಎಲೆಗಳು ಹೊಸ ಕಣ್ಣಿಗೆ ಆಹಾರ ಕೊಡುತ್ತಿರುತ್ತವೆ, ಪಟ್ಟೆ ಚಿಗುರಿಗೆ ಈ ನೆರವು ಬೇರೆ ಯಾವ ಕಸಿಗಿಂತಲೂ ಹೆಚ್ಚು ಬೇಕು. ಚಿಗುರು ಒಂದು ಗೇಣು ಉದ್ದವಾಗಿ, ನಾಲ್ಕೈದು ಎಲೆಯಲ್ಲಿ ಹಸಿರು ಕೆನೆ ಎರಡೂ ಕಂಡ ಮೇಲೆ ಅಡಿಗಿಡದ ತಲೆಯನ್ನು ಗಂಟಿನ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ.